ಮಾಳಿಗೆಯ ಮಣ್ಣು ಮೊದಲು ಇಳಿಸಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಕಲ್ಲಿನ ಮನೆ. ಎರಡು ಅಡಿಗಿಂತ ದಪ್ಪ ಗೋಡೆ, ಮಣ್ಣಲ್ಲಿ ಕಟ್ಟಿದ್ದು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಕೆಲವು ವರ್ಷಗಳಿಂದ ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿಂದ ಧಡ್ ಅಂತ ಸದ್ದು ಬರುತ್ತದೆ, ಪಾತ್ರೆಗಳು ಅಲುಗುತ್ತವೆ. ಮೊಬೈಲ್‌ನಲ್ಲಿ ನೋಡಿದರೆ ಭೂಕಂಪ, 2.8, 3.2 ಅಂತ ಇರುತ್ತದೆ. ಅವ್ವ ಒಳಗೆ ಮಲಗುವುದೇ ಇಲ್ಲ, ಅಂಗಳದಲ್ಲಿ ಹೊರಸು ಹಾಕಿಕೊಳ್ಳುತ್ತಾಳೆ. ಸಣ್ಣ ಸಣ್ಣದು ಬಂದರೆ ಒಳ್ಳೆಯದು, ಒತ್ತಡ ಇಳಿಯುತ್ತದೆ ಅಂತ ಕೆಲವರು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಬಂದ ದೊಡ್ಡ ಭೂಕಂಪದ ಥರ ಆಗುತ್ತದೆ ಅಂತ ಇನ್ನು ಕೆಲವರು. ಬೋರ್‌ವೆಲ್ ಜಾಸ್ತಿಯಾಗಿದ್ದೇ ಕಾರಣ ಅನ್ನುವವರೂ ಇದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ದೊಡ್ಡದು ಬರುತ್ತದೆ ಅಂತ ತಾರೀಕು ಸಮೇತ ಮೆಸೇಜು ಬರುತ್ತದೆ. ಗೋಡೆಯಲ್ಲಿ ಬಿರುಕುಗಳಿವೆ. ಮಾಳಿಗೆ ತೆಗೆದು ಅದೇ ಗೋಡೆ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿ ಅಂತ ಮೇಸ್ತ್ರಿ ಹೇಳುತ್ತಾನೆ. ಹಾಕಿಸಲಾ? ಅಥವಾ ಮನೆಯನ್ನೇ ಬಿಡಬೇಕಾ? ಇಬ್ಬರು ಸಣ್ಣ ಮಕ್ಕಳಿದ್ದಾರೆ ಸರ್.

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ನಿದ್ದೆ ಕೆಡಿಸಿರುವುದು ಒಂದೇ: ಈ ಮನೆಯೊಳಗೆ ಮಕ್ಕಳನ್ನು ಮಲಗಿಸಬಹುದಾ, ಬೇಡವಾ? ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ.

ಈಗಿರುವ ಸ್ಥಿತಿಯಲ್ಲಿ ಆ ಮಾಳಿಗೆಯ ಕೆಳಗೆ ಮಲಗಿಸಬೇಡಿ. ನಿಮ್ಮ ತಾಯಿಯವರದು ಸುಮ್ಮನೆ ಹೆದರಿಕೆ ಅಲ್ಲ, ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಹಾಗಂತ ಊರು ಬಿಡುವ ಅಗತ್ಯ ನನಗೆ ಕಾಣುತ್ತಿಲ್ಲ. ಮುಂದಿನ ಮಳೆಗಾಲ ಶುರುವಾಗುವ ಮೊದಲು ಮಾಳಿಗೆಯ ಮಣ್ಣು ಇಳಿಸಿ, ಗೋಡೆಗಳನ್ನು ಕಟ್ಟಿಹಾಕಿಸಿ. ಆ ಗೋಡೆಯ ಮೇಲೆ ಸ್ಲ್ಯಾಬ್ ಮಾತ್ರ ಹಾಕಿಸಬೇಡಿ.

ನಾನು ಕಟ್ಟಡ ಎಂಜಿನಿಯರ್. ಭೂಮಿ ನಡುಗಿದ ಊರುಗಳಿಗೆ ಹೋಗಿ ಯಾವ ಮನೆ ನಿಂತಿತು, ಯಾವುದು ಬಿತ್ತು ಅಂತ ನೋಡುವುದು ನನ್ನ ಕೆಲಸದ ದೊಡ್ಡ ಭಾಗ. ಹಾಗಾಗಿ ನೆಲದ ಮಾತಿಗಿಂತ ಗೋಡೆಯ ಮಾತು ಜಾಸ್ತಿ ಆಡುತ್ತೇನೆ. ಆದರೆ ನೆಲದಿಂದಲೇ ಶುರು ಮಾಡಬೇಕು.

ಆ ಸದ್ದು, ಆ ಅಂಕಿ

ನೆಲದೊಳಗೆ ಎಲ್ಲೋ ಬಂಡೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಮೊದಲನೆಯದು ತಳ್ಳುವ ಅಲೆ, ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎರಡನೆಯದು ಅಡ್ಡಡ್ಡ ಅಲುಗಿಸುವ ಅಲೆ, ಸುಮಾರು 3.5 ಕಿಲೋಮೀಟರ್ ವೇಗ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಅಂದಾಜು ಸಿಗುತ್ತದೆ. ಮೂರು ಕಡೆ ಯಂತ್ರ ಇಟ್ಟು ಹೀಗೆ ದೂರ ಅಳೆದರೆ ಕೇಂದ್ರ ಯಾವ ಜಾಗದಲ್ಲಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ಊರಿನಲ್ಲಿ ಎರಡೂ ಅಲೆಗಳು ಹೆಚ್ಚುಕಡಿಮೆ ಒಟ್ಟಿಗೇ ಬಡಿಯುತ್ತವೆ. ಅಂದರೆ ಮೂಲ ಹತ್ತಿರದಲ್ಲೇ ಇದೆ, ಆಳವೂ ಕಡಿಮೆ. ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿದಾಗ ಸದ್ದಾಗಿ ಕೇಳುತ್ತದೆ. ಸದ್ದು ಜೋರಾಗಿದೆ ಅಂತ ಕಂಪನವೂ ದೊಡ್ಡದು ಅಂದುಕೊಳ್ಳಬೇಡಿ. ದೂರದ ದೊಡ್ಡ ಭೂಕಂಪ ಒಂದಿಷ್ಟೂ ಸದ್ದಿಲ್ಲದೆ ಫ್ಯಾನು ತೂಗಿಸಿ ಹೋಗಬಹುದು.

ಇನ್ನು ಆ 2.8, 3.2. ಪತ್ರಿಕೆಗಳಲ್ಲಿ 'ರಿಕ್ಟರ್ ಮಾಪಕದಲ್ಲಿ ದಾಖಲಾಗಿದೆ' ಅಂತ ಓದಿ, ರಿಕ್ಟರ್ ಅಂದರೆ ಒಂದು ಯಂತ್ರ ಅಂದುಕೊಂಡವರು ತುಂಬಾ ಜನ. ಅಂಥ ಯಂತ್ರ ಇಲ್ಲ, ಅದೊಂದು ಲೆಕ್ಕ. ಕಂಪನ ಬರೆದುಕೊಳ್ಳುವ ಯಂತ್ರದ ಹೆಸರು ಸೀಸ್ಮೋಗ್ರಾಫ್. ಅದು ಬರೆದ ಗೆರೆ ಎಷ್ಟು ಎತ್ತರ ಹೋಯಿತು, ಮೂಲ ಎಷ್ಟು ದೂರ ಅನ್ನುವುದನ್ನು ಇಟ್ಟುಕೊಂಡು ಅಂಕಿ ಕಟ್ಟುವ ಕ್ರಮವನ್ನು ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದರು. ದೊಡ್ಡ ಭೂಕಂಪಗಳಿಗೆ ಆ ಲೆಕ್ಕ ಸಾಲುವುದಿಲ್ಲ. ಎಷ್ಟು ದೊಡ್ಡ ಬಂಡೆಮುಖ ಎಷ್ಟು ಜಾರಿತು ಅನ್ನುವುದನ್ನು ಆಧಾರವಾಗಿಟ್ಟುಕೊಂಡ ಇನ್ನೊಂದು ಅಳತೆ 1979ರಲ್ಲಿ ಬಂತು. ಈಗ ದೊಡ್ಡದಕ್ಕೆಲ್ಲ ಬಳಸುವುದು ಅದನ್ನೇ. ಕಂಪನ ಅಳೆಯುವ ವಿಷಯದಲ್ಲಿ ನಮ್ಮ ರಾಜ್ಯಕ್ಕೂ ಒಂದು ಒಳ್ಳೆಯ ಹೆಸರಿದೆ. ಬೇರೆ ದೇಶಗಳು ನೆಲದೊಳಗೆ ಮಾಡುವ ಅಣುಪರೀಕ್ಷೆಯನ್ನು ಹಿಡಿಯಲು 1965ರಿಂದ ಗೌರಿಬಿದನೂರಿನಲ್ಲಿ ಸೀಸ್ಮೋಗ್ರಾಫ್‌ಗಳ ದೊಡ್ಡ ಸಾಲೇ ಕೆಲಸ ಮಾಡುತ್ತಾ ಬಂದಿದೆ. ಅದೇ ಸಾಲು ಭೂಕಂಪಗಳನ್ನೂ ಬರೆದುಕೊಳ್ಳುತ್ತದೆ.

ಅಂಕಿಯ ಜೊತೆ ಇನ್ನೊಂದು ಅಳತೆ ಇದೆ, ಸುದ್ದಿಯಲ್ಲಿ ಅದು ಬರುವುದೇ ಇಲ್ಲ. ಜಾತ್ರೆಯಲ್ಲಿ ಹಲಗೆ ಬಾರಿಸುವವನು ಎಷ್ಟು ಜೋರಾಗಿ ಬಾರಿಸಿದ ಅನ್ನುವುದು ಒಂದು. ನಿಮ್ಮ ಮನೆಯೊಳಗೆ ಅದು ಎಷ್ಟು ಕೇಳಿಸಿತು ಅನ್ನುವುದು ಇನ್ನೊಂದು. ಮೊದಲನೆಯದು ಭೂಕಂಪದ ಪ್ರಮಾಣ, ಒಂದು ಭೂಕಂಪಕ್ಕೆ ಒಂದೇ ಅಂಕಿ. ಎರಡನೆಯದು ತೀವ್ರತೆ, ಒಂದರಿಂದ ಹನ್ನೆರಡರವರೆಗೆ ಅಳೆಯುತ್ತಾರೆ, ಅದು ಊರಿಂದೂರಿಗೆ ಬೇರೆ. ಮೂಲದ ಆಳ ಕಡಿಮೆಯಿದ್ದರೆ ತೀವ್ರತೆ ಜಾಸ್ತಿ. ಬಂಡೆಯ ಮೇಲಿನ ಮನೆಗಿಂತ ಮೆದು ಮಣ್ಣಿನ ಮೇಲಿನ ಮನೆಗೆ ಜಾಸ್ತಿ. 3.2 ಅಂತ ಮೊಬೈಲ್ ತೋರಿಸಿದಾಗ ನಿಮ್ಮ ಪಾತ್ರೆ ಬಿದ್ದು, ಹತ್ತು ಊರಾಚೆ ಯಾರಿಗೂ ಗೊತ್ತೇ ಆಗದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಯಾರೂ ಅಂಕಿ ಮುಚ್ಚಿಡುತ್ತಿಲ್ಲ.

ನಮ್ಮ ಕಡೆ ಯಾಕೆ?

ದಖ್ಖನ್ ಅಂದರೆ ಗಟ್ಟಿ ನೆಲ, ಇಲ್ಲಿ ಭೂಕಂಪ ಆಗುವುದಿಲ್ಲ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೆವು. ಹಿಮಾಲಯಕ್ಕೆ ಹೋಲಿಸಿದರೆ ಕಡಿಮೆ, ಅದು ನಿಜ. ಆಗುವುದೇ ಇಲ್ಲ ಅನ್ನುವುದು ಸುಳ್ಳು. ಭಾರತದ ನೆಲದ ಚಪ್ಪಡಿ ಇಡಿಯಾಗಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಆಚೆಯ ನೆಲವನ್ನು ಒತ್ತುತ್ತಿದೆ. ಬಾಗಿಲನ್ನು ಒಂದು ತುದಿಯಲ್ಲಿ ನೂಕಿದರೆ ಚೌಕಟ್ಟಿಗೆಲ್ಲ ಒತ್ತಡ ಬೀಳುತ್ತದಲ್ಲ, ಹಾಗೆ ಆ ಒತ್ತಡ ಇಲ್ಲಿಯವರೆಗೂ ಬರುತ್ತದೆ. ನಮ್ಮ ಬಂಡೆಯೊಳಗೆ ಕೋಟಿಗಟ್ಟಲೆ ವರ್ಷ ಹಳೆಯ ಬಿರುಕುಗಳಿವೆ. ಒತ್ತಡ ಸೇರಿ ಸೇರಿ ಒಂದು ದಿನ ಅಂಥ ಬಿರುಕು ಸ್ವಲ್ಪ ಜಾರುತ್ತದೆ.

ಮಳೆಗಾಲದ ಕೊನೆಗೇ ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ನೀರು. ನಿಮ್ಮ ಭಾಗದಲ್ಲಿ ಸುಣ್ಣದ ಕಲ್ಲಿನ ಪದರ ಇದೆ. ಶಹಾಬಾದ್ ಫರ್ಸಿ ಬರುವುದು ಇಂಥ ಪದರದಿಂದಲೇ. ಒಳ್ಳೆಯ ಮಳೆಯಾದ ವರ್ಷ ನೀರು ಸಂದುಗಳಲ್ಲಿ ಇಳಿದು ಕೆಳಗಿನ ಬಿರುಕುಗಳೊಳಗೆ ಒತ್ತಡ ಹೆಚ್ಚಿಸುತ್ತದೆ. ಬಿಗಿಯಾಗಿ ಕೂತಿದ್ದ ಎರಡು ಕಲ್ಲುಮುಖಗಳ ಹಿಡಿತ ಸಡಿಲುತ್ತದೆ. ಆಗಲೇ ಜಾರಲು ಸಿದ್ಧವಾಗಿದ್ದ ಜಾಗ ಸ್ವಲ್ಪ ಬೇಗ ಜಾರುತ್ತದೆ. ನೀರು ಇಷ್ಟು ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಜಗತ್ತೇ ಉದಾಹರಣೆ ಕೊಡುವುದು ಪಕ್ಕದ ಮಹಾರಾಷ್ಟ್ರದ ಕೊಯ್ನಾವನ್ನು. ಅಣೆಕಟ್ಟಿನಲ್ಲಿ 1962ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಮೇಲೆ ಅಲ್ಲಿ ಕಂಪನಗಳು ಜಾಸ್ತಿಯಾದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರದು ಬಂತು. ಸುಮಾರು 180 ಜನ ತೀರಿಕೊಂಡರು. ಅಣೆಕಟ್ಟಿನ ನೀರಿನಿಂದ ಆದದ್ದು ಅಂತ ಗುರುತಿಸಿದ ಭೂಕಂಪಗಳಲ್ಲಿ ಇಂದಿಗೂ ಅದೇ ದೊಡ್ಡದು.

ಬೋರ್‌ವೆಲ್ ಮಾತಿಗೆ ಬರೋಣ. ನಮ್ಮ ಬೋರ್‌ವೆಲ್‌ಗಳು ಕೆಲವು ನೂರು ಅಡಿ, ಬಹಳ ಅಂದರೆ ಸಾವಿರ, ಸಾವಿರದೈನೂರು ಅಡಿ. ಕಂಪನದ ಮೂಲ ಸಾಮಾನ್ಯವಾಗಿ ಕಿಲೋಮೀಟರ್‌ಗಳ ಆಳದಲ್ಲಿರುತ್ತದೆ. ಕೊಳವೆ ಕೊರೆದದ್ದರಿಂದ ಭೂಮಿ ನಡುಗಿತು ಅನ್ನುವ ಮಾತಿಗೆ ಆಧಾರವಿಲ್ಲ. ಉಲ್ಟಾ ಮಾತ್ರ ನಿಜ. ಕಂಪನದಿಂದ ಬೋರ್‌ವೆಲ್ ನೀರು ಕೆಂಪಾಗುವುದು, ಮಟ್ಟ ಏರುವುದು, ಇಳಿಯುವುದು ಆಗುತ್ತದೆ. ಕಲ್ಲು ಕ್ವಾರಿಯ ಸಿಡಿತ ಇರಬಹುದಾ ಅಂದರೆ, ಅದನ್ನು ಭೂಕಂಪದಿಂದ ಬೇರೆ ಮಾಡಿ ಗುರುತಿಸುವುದು ಸೀಸ್ಮೋಗ್ರಾಫ್ ಓದುವವರಿಗೆ ಕಷ್ಟವಲ್ಲ. ಸಿಡಿತ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಜಾರಿದ ಬಂಡೆ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿನಿಂದ ಎಳೆಯುತ್ತದೆ.

ಒತ್ತಡ ಇಳಿಯುತ್ತದಾ? ದೊಡ್ಡದು ಬರುತ್ತದಾ?

'ಸಣ್ಣದು ಬಂದರೆ ಒಳ್ಳೆಯದು' ಅನ್ನುವ ಮಾತನ್ನು ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಇದನ್ನು ಜೋಳದ ಕಾಳಿನಲ್ಲಿ ಲೆಕ್ಕ ಹಾಕೋಣ.

ಪ್ರಮಾಣದಲ್ಲಿ ಒಂದು ಅಂಕಿ ಮೇಲೆ ಹೋದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಿಗೆ ಸಾವಿರ ಪಟ್ಟು. ಮೂರು ಅಂಕಿಗೆ ಸುಮಾರು 32,000 ಪಟ್ಟು. ನಿಮ್ಮ ಊರಿನ 3.2 ಒಂದು ಜೋಳದ ಕಾಳು ಅಂದುಕೊಳ್ಳಿ. ಕಿಲ್ಲಾರಿಯ 6.2 ಅಂದರೆ 32,000 ಕಾಳು, ಹೆಚ್ಚುಕಡಿಮೆ ಒಂದು ಕಿಲೋ ಜೋಳ. ಆ ಒಂದು ಕಿಲೋವನ್ನು ಕಾಳು ಕಾಳಾಗಿ ಖಾಲಿ ಮಾಡಬೇಕಾದರೆ, ದಿನಕ್ಕೊಂದು 3.2 ತಪ್ಪದೆ ಬಂದರೂ ಸುಮಾರು 87 ವರ್ಷ ಬೇಕು. ಹಾಗಾಗಿ ಸಣ್ಣ ಕಂಪನಗಳಿಂದ ದೊಡ್ಡದರ ಒತ್ತಡ ಇಳಿಯಿತು ಅಂತ ಸಮಾಧಾನ ಪಡುವ ಹಾಗಿಲ್ಲ.

ಸಣ್ಣವು ಬಂದರೆ ದೊಡ್ಡದು ಬಂದೇ ಬರುತ್ತದಾ? ಅದೂ ಇಲ್ಲ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಡಹಾಣು ಕಡೆ 2018ರ ನವೆಂಬರ್‌ನಿಂದ ಸಾವಿರಾರು ಸಣ್ಣ ಕಂಪನಗಳಾದವು, ದೊಡ್ಡವು ಅಂದರೆ 4ರ ಆಸುಪಾಸು. 2022ರ ಜೂನ್‌ನಲ್ಲಿ ಕೊಡಗಿನ ಚೆಂಬು, ಸುಳ್ಯದ ಕಡೆ ಸಾಲಾಗಿ ನಡುಗಿತು, ನಿಂತಿತು. ನಿಮ್ಮ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ ಹಲವು ಬಾರಿ ಸದ್ದಾಗಿ ಜನ ಬೀದಿಯಲ್ಲಿ ಮಲಗಿದ್ದು ನಿಮಗೇ ಗೊತ್ತು. ಆ ತಿಂಗಳ 11ರ ರಾತ್ರಿ ಕಲಬುರಗಿ ಭಾಗದಲ್ಲಿ 4.1 ದಾಖಲಾಯಿತು. ಆಮೇಲೆ ಅದಕ್ಕಿಂತ ದೊಡ್ಡದು ಬರಲಿಲ್ಲ. ಸಾಲು ಕಂಪನಗಳಲ್ಲಿ ಬಹುಪಾಲು ಹೀಗೇ ತಣ್ಣಗಾಗುತ್ತವೆ.

ಆದರೆ ಕಿಲ್ಲಾರಿಯ ಒಂದು ವಿಷಯವನ್ನು ನಿಮಗೆ ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಅಲ್ಲೂ 1992ರಲ್ಲಿ, ಅಂದರೆ ದೊಡ್ಡದಕ್ಕಿಂತ ಸುಮಾರು ಒಂದು ವರ್ಷ ಮೊದಲು, ಸಣ್ಣ ಕಂಪನಗಳು ಬಂದಿದ್ದವು. ಅಕ್ಟೋಬರ್‌ನಲ್ಲಿ ಬಂದದ್ದು 4ರ ಆಸುಪಾಸಿನದು. ಆಮೇಲೆ ಕಡಿಮೆಯಾದವು. ಜನ ಮತ್ತೆ ಒಳಗೆ ಮಲಗಿದರು. 1993ರ ಸೆಪ್ಟೆಂಬರ್ 30, ಗಣೇಶನನ್ನು ಬಿಟ್ಟು ಬಂದು ದಣಿದು ಮಲಗಿದ ರಾತ್ರಿ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಬಂತು. ಎಂಟು ಸಾವಿರದಷ್ಟು ಜನ ಹೋದರು.

ಇಟಲಿಯ ಲಾಕ್ವಿಲಾ ಊರಿನಲ್ಲೂ ಹೀಗೇ ತಿಂಗಳುಗಟ್ಟಲೆ ಸಣ್ಣ ಕಂಪನಗಳಿದ್ದವು. 2009ರ ಮಾರ್ಚ್ 31ರಂದು ತಜ್ಞರ ಸಭೆ ನಡೆಯಿತು, ಭಯಪಡಬೇಕಾದ್ದಿಲ್ಲ ಅನ್ನುವ ಸಂದೇಶ ಜನರನ್ನು ಮುಟ್ಟಿತು. ಏಪ್ರಿಲ್ 6ರ ರಾತ್ರಿ 6.3ರ ಭೂಕಂಪಕ್ಕೆ 309 ಜನ ಸತ್ತರು. ಆರು ಮಂದಿ ವಿಜ್ಞಾನಿಗಳಿಗೆ ಮೊದಲು ಶಿಕ್ಷೆಯಾಗಿ, ಮೇಲಿನ ಕೋರ್ಟಿನಲ್ಲಿ ಬಿಡುಗಡೆಯಾಯಿತು. ನನ್ನ ಕೆಲಸ ಮಾಡುವವರು ಯಾರೂ ಇದನ್ನು ಮರೆಯಬಾರದು. ಭೂಕಂಪ ಬರುತ್ತದೆ ಅಂತ ತಾರೀಕು ಹೇಳಲು ಯಾರಿಗೂ ಬರುವುದಿಲ್ಲ. ಬರುವುದಿಲ್ಲ ಅಂತ ಭರವಸೆ ಕೊಡುವುದಕ್ಕೂ ಆಗುವುದಿಲ್ಲ.

ನಿಮ್ಮ ವಾಟ್ಸ್‌ಆ್ಯಪ್ ಮೆಸೇಜಿಗೂ ಇದೇ ಉತ್ತರ. ಚೀನಾದ ಹೈಚೆಂಗ್‌ನಲ್ಲಿ 1975ರ ಫೆಬ್ರವರಿಯಲ್ಲಿ ಜನರನ್ನು ಮೊದಲೇ ಹೊರಗೆ ಕಳಿಸಿ ಸಾವಿರಾರು ಜೀವ ಉಳಿಸಿದ್ದರು. ಇನ್ನೇನು ಗುಟ್ಟು ಸಿಕ್ಕಿತು ಅಂತ ಜಗತ್ತು ಅಂದುಕೊಂಡಿತು. ಮರುವರ್ಷ ಜುಲೈನಲ್ಲಿ ಅದೇ ದೇಶದ ತಾಂಗ್‌ಶಾನ್‌ನಲ್ಲಿ ಯಾವ ಸೂಚನೆಯೂ ಕೈಹಿಡಿಯಲಿಲ್ಲ, 2,40,000ಕ್ಕೂ ಹೆಚ್ಚು ಜನ ಸತ್ತರು. ತಾರೀಕು ಹಾಕಿ ಬರುವ ಮೆಸೇಜನ್ನು ಯಾರಿಗೂ ಕಳಿಸಬೇಡಿ. ಕಂಪನ ಆದ ಮೇಲೆ ಎಷ್ಟು, ಎಲ್ಲಿ ಅಂತ ತಿಳಿಯಲು ದೆಹಲಿಯ ರಾಷ್ಟ್ರೀಯ ಭೂಕಂಪ ಶಾಸ್ತ್ರ ಕೇಂದ್ರ ಮತ್ತು ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ನೋಡಿ.

ಕಿಲ್ಲಾರಿಯಲ್ಲಿ ಕೊಂದದ್ದು ಏನು?

6.2 ಅನ್ನುವುದು ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಭೂಕಂಪ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ಬಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮುಂದಿನ ತಿಂಗಳು ಚಿಲಿಯಲ್ಲಿ 8.8 ಬಂತು, ಶಕ್ತಿಯಲ್ಲಿ ಅದಕ್ಕಿಂತ 500 ಪಟ್ಟು ದೊಡ್ಡದು. ಸತ್ತವರು ಐನೂರು ಚಿಲ್ಲರೆ. ಚಿಲಿಯಲ್ಲಿ ಮೂಲ ಊರುಗಳಿಂದ ದೂರವಿತ್ತು ಅನ್ನುವುದೂ ಒಂದು ಕಾರಣ. ಆದರೆ ದೊಡ್ಡ ಕಾರಣ, ಅಲ್ಲಿನ ಕಟ್ಟಡಗಳನ್ನು ನಡುಕಕ್ಕೆ ತಯಾರು ಮಾಡಿಯೇ ಕಟ್ಟಿದ್ದರು.

ಕಿಲ್ಲಾರಿಯ ಮನೆಗಳು ನಿಮ್ಮ ಮನೆಯಂಥವೇ. ನಿಮ್ಮ ಊರಿನಿಂದ ಅದು ನೂರು ಕಿಲೋಮೀಟರ್ ಆಸುಪಾಸು, ಕಟ್ಟುವ ಪದ್ಧತಿಗೆ ರಾಜ್ಯದ ಗಡಿ ಅನ್ನುವುದಿಲ್ಲ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಐಎಸ್ 1893, ಅಂದರೆ ಭೂಕಂಪ ತಡೆಯುವ ಕಟ್ಟಡಗಳ ರಾಷ್ಟ್ರೀಯ ಸಂಹಿತೆ, ತಿದ್ದುವಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ಕರ್ನಾಟಕದ ಬಹುಭಾಗ ಎರಡನೇ ವಲಯ, ಉಳಿದದ್ದು ಮೂರನೆಯದು.

ಈಗ ನಿಮ್ಮ ಗೋಡೆಯೊಳಗೆ ಏನಿದೆ ನೋಡಿ. ಹೊರಗಿನಿಂದ ಒಂದೇ ದಪ್ಪ ಗೋಡೆಯಂತೆ ಕಾಣುತ್ತದೆ. ನಿಜಕ್ಕೂ ಅವು ಎರಡು ಗೋಡೆಗಳು, ಹೊರಮುಖದ್ದೊಂದು, ಒಳಮುಖದ್ದೊಂದು. ನಡುವೆ ಚಿಪ್ಪುಗಲ್ಲು, ಮಣ್ಣು ತುಂಬಿರುತ್ತಾರೆ. ನೆಲ ಅಡ್ಡಕ್ಕೆ ಅಲುಗಿದಾಗ ಈ ಎರಡು ಮುಖಗಳು ಬೇರೆ ಬೇರೆಯಾಗಿ ಉಬ್ಬುತ್ತವೆ. ನಡುವಿನ ಮಣ್ಣು ಕೆಳಗಿಳಿದು ಇನ್ನಷ್ಟು ಅಗಲಿಸುತ್ತದೆ. ಒಂದು ಮುಖ ಉದುರಿದರೆ ಮೇಲಿನ ತೊಲೆಗೆ ಆಸರೆ ತಪ್ಪುತ್ತದೆ. ಗೋಡೆ ದಪ್ಪವಾಗಿದೆ, ಆದ್ದರಿಂದ ಗಟ್ಟಿ ಅನ್ನುವ ನಂಬಿಕೆ ಇದೆ ಅಲ್ವಾ, ಅದು ಬಿಸಿಲಿಗೆ ಸರಿ. ನಡುಕಕ್ಕೆ ಸರಿಯಲ್ಲ.

ಮೇಲಿನ ಮಣ್ಣಿನ ವಿಷಯ ಇನ್ನೂ ಮುಖ್ಯ. ನಿಂತ ಬಸ್ಸು ಜರ್ಕ್ ಹೊಡೆದು ಹೊರಟಾಗ ತಲೆ ಮೇಲೆ ಮೂಟೆ ಹೊತ್ತವನೇ ಮೊದಲು ಬೀಳುತ್ತಾನೆ. ತೂಕ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಮೇಲೆ ಒಂದೂವರೆ ಅಡಿ ಮಣ್ಣು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಎಂಟೂವರೆ ಟನ್ ಆಸುಪಾಸು ಬರುತ್ತದೆ. ಒದ್ದೆಯಾದರೆ ಇನ್ನೂ ಜಾಸ್ತಿ. ಅಜ್ಜನ ಕಾಲದಲ್ಲಿ ಇಷ್ಟು ಇರಲಿಲ್ಲ. ಸೋರುತ್ತದೆ ಅಂತ ಮಳೆಗಾಲಕ್ಕೆ ಮೊದಲು ಒಂದೊಂದು ಪದರ ಹಾಕುತ್ತಾ ಬಂದಿದ್ದೀರಿ. ಹಳೆಯದನ್ನು ಯಾರೂ ತೆಗೆದಿಲ್ಲ. ಅರವತ್ತು ವರ್ಷದ ಮಳೆಗಾಲಗಳೆಲ್ಲ ನಿಮ್ಮ ಮಕ್ಕಳ ತಲೆ ಮೇಲೆ ಕೂತಿವೆ.

ಬಿರುಕು ಓದುವುದು ಹೇಗೆ?

ಎಲ್ಲ ಬಿರುಕಿಗೂ ಭೂಕಂಪವೇ ಕಾರಣವಲ್ಲ. ನಿಮ್ಮದು ಎರೆ ಭೂಮಿಯಾದರೆ, ಅದು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಜೊತೆ ಗೋಡೆಯೂ ಏಳುತ್ತದೆ, ಇಳಿಯುತ್ತದೆ. ಬೇಸಿಗೆಗೆ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಸಾಮಾನ್ಯವಾಗಿ ಇಂಥದ್ದು. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಸೀಳಿದ ಬಿರುಕು, ಇವು ನಡುಕದ ಗುರುತು ಇರಬಹುದು. ಬಿರುಕಿಗಿಂತ ನನಗೆ ಭಯ ಹುಟ್ಟಿಸುವುದು ಹೊಟ್ಟೆ ಉಬ್ಬಿದ ಗೋಡೆ. ಒಂದು ತೂಗುಗುಂಡು ಇಳಿಬಿಟ್ಟು ನೋಡಿ. ಗೋಡೆ ನಡುವೆ ಹೊರಗೆ ಬಂದಿದ್ದರೆ ಎರಡು ಮುಖ ಆಗಲೇ ಬೇರೆಯಾಗಿವೆ ಅಂತ ಅರ್ಥ. ಆ ಕೋಣೆಯನ್ನು ಇವತ್ತೇ ಖಾಲಿ ಮಾಡಿ.

ಉಳಿದ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ. ಇದಕ್ಕೆ ಖರ್ಚಿಲ್ಲ, ನಾಳೆ ಎಂಜಿನಿಯರ್ ಬಂದಾಗ ಅವರಿಗೂ ಇದರಿಂದ ತುಂಬಾ ಅನುಕೂಲ.

ಏನು ಮಾಡಬಹುದು, ಯಾವುದರಲ್ಲಿ ಏನು ಅಪಾಯ

ಮೇಸ್ತ್ರಿಯ ಮಾತಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ. ಐದು ಇಂಚಿನ ಸ್ಲ್ಯಾಬ್ ಅದೇ ಕೋಣೆಗೆ ಮೂರೂವರೆ ಟನ್ ಆಗುತ್ತದೆ, ಈಗಿನ ಮಣ್ಣಿಗಿಂತ ಹಗುರವೇ. ತೊಂದರೆ ಗೋಡೆಯಲ್ಲಿದೆ. ಮಣ್ಣಲ್ಲಿ ಕಟ್ಟಿದ, ಎರಡು ಮುಖ ಬೇರೆ ಬೇರೆ ಇರುವ ಗೋಡೆ ಮೇಲೆ ಸ್ಲ್ಯಾಬ್ ಸುಮ್ನೆ ಕೂತಿರುತ್ತದೆ. ಗೋಡೆ ಉದುರಿದರೆ ಅದು ಒಂದೇ ತುಂಡಾಗಿ ಕೂರುತ್ತದೆ. ಮಣ್ಣಿನ ಮಾಳಿಗೆ ಬಿದ್ದರೆ ಊರವರು ಸಲಿಕೆ ಹಿಡಿದು ತೆಗೆಯಬಹುದು, ಸ್ಲ್ಯಾಬಿನ ಅಡಿಗೆ ಸಿಕ್ಕವರನ್ನು ತೆಗೆಯಲು ಕ್ರೇನ್ ಬರಬೇಕು. ಜೊತೆಗೆ, ಸ್ಲ್ಯಾಬ್ ಆದ ಮೇಲೆ ಎರಡು ವರ್ಷಕ್ಕೆ ಮೇಲೊಂದು ಕೋಣೆ ಎಬ್ಬಿಸುವ ಆಸೆ ಬಂದೇ ಬರುತ್ತದೆ. ಆರ್‌ಸಿಸಿ ಅಂದ ಮಾತ್ರಕ್ಕೆ ಗಟ್ಟಿ ಅನ್ನುವುದೂ ತಪ್ಪು. 2001ರ ಜನವರಿ 26ರಂದು ಭುಜ್ ಭೂಕಂಪದಲ್ಲಿ 200 ಕಿಲೋಮೀಟರ್‌ಗಿಂತ ಆಚೆ ಇದ್ದ ಅಹಮದಾಬಾದ್‌ನಲ್ಲಿ ಬಿದ್ದವು ಆರ್‌ಸಿಸಿ ಅಪಾರ್ಟ್‌ಮೆಂಟುಗಳೇ. ಅವುಗಳಲ್ಲಿ ಹಲವು ಕೆಳಗೆ ಗೋಡೆಯಿಲ್ಲದೆ ಬರೀ ಕಂಬದ ಮೇಲೆ ಪಾರ್ಕಿಂಗ್‌ಗೆ ಬಿಟ್ಟಿದ್ದ ಕಟ್ಟಡಗಳು.

ನನ್ನ ಮೊದಲ ಸಲಹೆ ಮಣ್ಣು ಇಳಿಸುವುದು. ಸಿಮೆಂಟು ಬೇಡ, ಕಬ್ಬಿಣ ಬೇಡ, ಕೂಲಿ ಮಾತ್ರ. ಒಂದೂವರೆ ಅಡಿಯನ್ನು ಆರು ಇಂಚಿಗೆ ತಂದರೆ ಎಂಟೂವರೆ ಟನ್ ಮೂರು ಟನ್ನಿಗಿಂತ ಕೆಳಗಿಳಿಯುತ್ತದೆ. ಒಂದೇ ಬದಿಯಿಂದ ತೆಗೆಯುತ್ತಾ ಹೋಗಬೇಡಿ, ತೂಕ ಓಲಿ ತೊಲೆ ಜಾರಬಹುದು. ಇಡೀ ಮಾಳಿಗೆಯ ಮೇಲೆ ತೆಳುವಾಗಿ ಪದರ ಪದರ ತೆಗೆಯಿರಿ. ಆ ಹೊತ್ತಿಗೆ ಒಳಗೆ ಯಾರೂ ಇರಬಾರದು. ತೆಗೆದ ಮಣ್ಣನ್ನು ಗೋಡೆಗೆ ಒತ್ತಿ ಗುಡ್ಡೆ ಹಾಕಬೇಡಿ. ಜಂತಿ ಕಂಡಾಗ ಗೆದ್ದಲು ಹಿಡಿದದ್ದನ್ನು ಬದಲಿಸಿ. ತೊಲೆಗಳು ಮರದ ಕಂಬದ ಮೇಲೆ ನಿಂತಿವೆಯಾ, ಬರೀ ಗೋಡೆ ಮೇಲೆ ಕೂತಿವೆಯಾ ನೋಡಿ. ಬರೀ ಗೋಡೆ ಮೇಲಿದ್ದರೆ ಗೋಡೆಯ ಬದಿಗೆ ಕಂಬ ಕೊಟ್ಟು, ತೊಲೆಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ನೀರು ತಡೆಯಲು ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೆಳು ಮಣ್ಣು ಹಾಕಬಹುದು. ಇದರಲ್ಲಿ ಕಷ್ಟ ಏನು ಅಂದರೆ ಬೇಸಿಗೆಯಲ್ಲಿ ಮನೆ ಮೊದಲಿಗಿಂತ ಬಿಸಿಯಾಗುತ್ತದೆ, ಮೊದಲ ಮಳೆಯಲ್ಲಿ ಒಂದೆರಡು ಕಡೆ ಸೋರಬಹುದು. ಸೋರಿದಾಗ ಮತ್ತೆ ಮಣ್ಣು ಹಾಕುವ ಹಳೆಯ ಅಭ್ಯಾಸಕ್ಕೆ ಹೋಗಬೇಡಿ, ಹಾಳೆಯ ತೂತು ಹುಡುಕಿ.

ಮಣ್ಣಿನ ಬದಲು ತಗಡು ಹಾಕುತ್ತೇವೆ ಅಂದರೆ ಅದೂ ಆಗುತ್ತದೆ. ಬಿದ್ದರೂ ಪ್ರಾಣ ಹೋಗುವ ತೂಕವಲ್ಲ. ಆದರೆ ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ವಯಸ್ಸಾದವರು, ಮಕ್ಕಳು ಮಧ್ಯಾಹ್ನ ಇರುವುದು ಬಲು ಕಷ್ಟ. ಬಿಸಿಲಿನ ಅಪಾಯವೂ ಅಪಾಯವೇ, ಅದು ಪ್ರತಿ ವರ್ಷ ತಪ್ಪದೆ ಬರುತ್ತದೆ. ಕೆಳಗೆ ಬಿದಿರಿನ ತಟ್ಟಿ ಕಟ್ಟಿದರೆ ಸ್ವಲ್ಪ ತಡೆಯಬಹುದು. ಬಿರುಗಾಳಿಗೆ ಹಾರದಂತೆ ಜೆ ಹುಕ್ ಹಾಕಿಸಿ. ಹಾರೀತು ಅಂತ ಮೇಲೆ ಕಲ್ಲು ಹೇರುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಮಣ್ಣು ಇಳಿಸಿದ್ದೇ ದಂಡ.

ಎರಡನೆಯದು ಗೋಡೆ ಕಟ್ಟಿಹಾಕುವುದು. ಇದಕ್ಕೆ ತಿಳಿದ ಎಂಜಿನಿಯರ್ ಬೇಕು. ಗೋಡೆಯ ಎರಡು ಮುಖಗಳನ್ನು ಹೊಲಿಯಬೇಕು. ಸುಮಾರು ಮೂರು ಅಡಿಗೊಂದು ಕಡೆ ಕಲ್ಲುಗಳನ್ನು ಕೈಯಲ್ಲೇ ಅಲುಗಿಸಿ ಬಿಡಿಸಿ, ಗೋಡೆಯ ಆಚೆಯವರೆಗೆ ಕೈ ತೂರುವಷ್ಟು ತೂತು ಮಾಡುತ್ತಾರೆ. ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ 8 ಎಂಎಂ ಸರಳು ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಸುತ್ತಿಗೆ ಹೊಡೆಯಲೇಬಾರದು, ಇಡೀ ಗೋಡೆ ಸಡಿಲವಾಗುತ್ತದೆ. ಆಮೇಲೆ ಬಾಗಿಲು, ಕಿಟಕಿಗಳ ಮೇಲೆ ಮನೆಯ ಸುತ್ತ, ಒಳಗೂ ಹೊರಗೂ, ವೆಲ್ಡ್ ಮೆಶ್ ಜಾಲರಿ ಬಿಗಿದು ಗಟ್ಟಿ ಸಿಮೆಂಟ್ ಗಾರೆ ಹಾಕಿ ಒಂದು ಬೆಲ್ಟ್ ಮಾಡುತ್ತಾರೆ. ಬಿದಿರಿನ ಕಣಜಕ್ಕೆ ಕಟ್ಟು ಹಾಕಿದ ಹಾಗೆ, ಮೂಲೆಗಳು ಬಿಚ್ಚಿಕೊಳ್ಳದಂತೆ ಅದು ಹಿಡಿಯುತ್ತದೆ. ಕಿಲ್ಲಾರಿಯ ನಂತರ ಇಂಥ ದುರಸ್ತಿಯ ಕ್ರಮವನ್ನು ಸಾಕಷ್ಟು ಕಡೆ ಮಾಡಿ ತೋರಿಸಿದ್ದಾರೆ. ಅಪಾಯ ಎಲ್ಲಿದೆ ಅಂದರೆ ಅರೆಬರೆ ಕೆಲಸದಲ್ಲಿ. ಜಾಲರಿ ಮೂಲೆಯಲ್ಲಿ ತುಂಡಾದರೆ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಸಂದಿನ ಮಣ್ಣು ಕೆರೆಯದೆ ಬರೀ ಸಿಮೆಂಟ್ ಗಿಲಾವು ಬಳಿದರೆ ಗೋಡೆ ಹೊಸದರಂತೆ ಕಾಣುತ್ತದೆ, ಒಂದಿಷ್ಟೂ ಗಟ್ಟಿಯಾಗಿರುವುದಿಲ್ಲ. ಈ ಮೋಸ ತುಂಬಾ ನಡೆಯುತ್ತದೆ. ಗೋಡೆ ಉಬ್ಬಿದ ಕಡೆ ಹೊಲಿಗೆ ಉಪಯೋಗವಿಲ್ಲ, ಆ ಭಾಗ ಬಿಚ್ಚಿ ಮತ್ತೆ ಕಟ್ಟಬೇಕು.

ಕೈಯಲ್ಲಿ ಸ್ವಲ್ಪ ಹಣ ಇದ್ದರೆ, ಸ್ಲ್ಯಾಬಿಗೆ ಇಟ್ಟುಕೊಂಡಿದ್ದನ್ನು ನಾನು ಬೇರೆ ಕಡೆ ಹಾಕಲು ಹೇಳುತ್ತೇನೆ. ಅದೇ ಅಂಗಳದಲ್ಲಿ ಹಳೆ ಗೋಡೆಯಿಂದ ದೂರ, ಮಲಗುವುದಕ್ಕೆ ಅಂತಲೇ ಒಂದು ಸಣ್ಣ ಕೋಣೆ ಹೊಸದಾಗಿ ಕಟ್ಟಿಸಿ. ಸಿಮೆಂಟಿನಲ್ಲಿ ಕಟ್ಟಿದ ಗೋಡೆ, ಮೂಲೆಗಳಲ್ಲಿ ಅಡಿಪಾಯದಿಂದ ಮೇಲಿನವರೆಗೆ ಸರಳು. ಪಾಯದ ಮಟ್ಟದಲ್ಲಿ ಒಂದು, ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು, ಕಿಟಕಿಯ ಮೇಲೆ, ಒಂದು ಸುತ್ತುಬೆಲ್ಟ್. ಕಿಟಕಿ ಮೂಲೆಗೆ ತಾಗಿ ಬೇಡ, ಕನಿಷ್ಠ ಎರಡು ಅಡಿ ಬಿಟ್ಟಿರಲಿ. ಎರೆ ಮಣ್ಣಾದರೆ ಪಾಯ ಗಟ್ಟಿ ಪದರ ಸಿಗುವವರೆಗೆ ಹೋಗಲಿ. ಹಗಲು ಹಳೆ ಮನೆಯಲ್ಲಿ ಇರಿ, ರಾತ್ರಿ ಇದರಲ್ಲಿ ಮಲಗಿ. ಇಡೀ ಮನೆ ಒಮ್ಮೆಗೇ ಸರಿ ಮಾಡಿಸಲು ಆಗದವರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ.

ಮನೆ ಮಾರಿ ಪಟ್ಟಣಕ್ಕೆ ಹೋಗುವುದು ನಿಮ್ಮ ಇಷ್ಟ. ಆದರೆ ಹೊಲ ಇಲ್ಲಿ, ಬಾಡಿಗೆ ಅಲ್ಲಿ ಆಗುತ್ತದೆ. ಅಲ್ಲಿ ಸಿಗುವ ಅಗ್ಗದ ಮೂರು ಮಹಡಿಯ ಕಟ್ಟಡ ಸರಿಯಾಗಿ ಕಟ್ಟಿದ್ದೇ ಅಂತ ಯಾರು ಹೇಳಬೇಕು?

ನಡುಗಿದ ಹೊತ್ತಿಗೆ

ಒಂದು ಮಾತು ಮನೆಯವರಿಗೆಲ್ಲ ಹೇಳಿ. ಡಹಾಣುವಿನಲ್ಲಿ 2019ರ ಫೆಬ್ರವರಿಯಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡದ್ದು ಗೋಡೆ ಬಿದ್ದಲ್ಲ, ಗಾಬರಿಯಿಂದ ಹೊರಗೆ ಓಡುವಾಗ ಬಿದ್ದು ತಲೆಗೆ ಪೆಟ್ಟಾಗಿ. ಮಾಳಿಗೆ ಮನೆಯಲ್ಲಿ ಬಾಗಿಲ ಹತ್ತಿರ ಇದ್ದರೆ ಹೊರಗೆ ಬಂದುಬಿಡಿ. ಒಳಕೋಣೆಯಲ್ಲಿದ್ದರೆ ಗೋಡೆ ಬಿಟ್ಟು ಸರಿದು, ಗಟ್ಟಿ ಮಂಚ ಅಥವಾ ಮೇಜಿನ ಕೆಳಗೆ ತಲೆ ಮುಚ್ಚಿಕೊಳ್ಳಿ, ನಿಂತ ಮೇಲೆ ಹೊರಡಿ. ಹೊರಗೆ ಹೋಗುವ ದಾರಿಯಲ್ಲಿ ಕೊಡ, ಚಪ್ಪಲಿ, ಸೈಕಲ್ ಇಡಬೇಡಿ. ರಾತ್ರಿ ಬಾಗಿಲಿಗೆ ಕೈಗೆ ಸುಲಭವಾಗಿ ಸಿಗುವ ಒಂದೇ ಚಿಲಕ ಸಾಕು. ಟಾರ್ಚ್ ದಿಂಬಿನ ಪಕ್ಕ ಇರಲಿ. ಗೋಡೆಯ ಗೂಡುಗಳಲ್ಲಿ, ಅಟ್ಟದ ಮೇಲೆ ಇಟ್ಟ ಭಾರದ ಡಬ್ಬಿ, ಜೋಳದ ಚೀಲಗಳನ್ನು ಇವತ್ತೇ ಕೆಳಗಿಳಿಸಿ. ಇದು ಐದು ನಿಮಿಷದ ಕೆಲಸ.

ಕೊನೆಯದಾಗಿ ನಿಮ್ಮ ತಾಯಿಯವರ ಹೊರಸು. ಅಂಗಳದಲ್ಲಿ ಅದು ಎಲ್ಲಿದೆ ಅಂತ ನೀವು ಬರೆದಿಲ್ಲ. ಗಾಳಿ, ಇಬ್ಬನಿ ತಪ್ಪಲಿ ಅಂತ ಹೆಚ್ಚಿನವರು ಮನೆಗೋಡೆಗೋ, ಕಾಂಪೌಂಡಿಗೋ ತಾಗಿಸಿ ಹಾಕುತ್ತಾರೆ. ಗೋಡೆ ಬಿದ್ದರೆ ತನ್ನ ಎತ್ತರದಷ್ಟು ದೂರದವರೆಗೂ ಬೀಳಬಹುದು. ಹತ್ತು ಅಡಿ ಗೋಡೆಯಾದರೆ ಹತ್ತು ಅಡಿ ಬಿಟ್ಟು, ಆಮೇಲೆ ಇನ್ನೆರಡು ಹೆಜ್ಜೆ ಆಚೆಗೆ ಹೊರಸು ಸರಿಸಿ. ಮೇಲೊಂದು ತಾಡಪತ್ರಿ ಕಟ್ಟಿಕೊಡಿ. ಹಾವು ಚೇಳಿನ ಕಾಲ ಅದು, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಹೊಸ ಕೋಣೆ ಆಗುವವರೆಗೆ ಮಕ್ಕಳನ್ನೂ ಅವರ ಪಕ್ಕದಲ್ಲೇ ಮಲಗಿಸಿ.